ಡೈರೆಕ್ಟರ್ ಅತ್ತೆ

ನಮ್ಮ ಅತ್ತೆಯಿಂದ ಒಂದು ಸಹಿ ಪಡೆಯುವುದಕ್ಕಿಂತ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ನಿಂತು ಮಲಪ್ರಭೆಗೆ 'ಸ್ವಲ್ಪ ಹಿಂದಕ್ಕೆ ಹರಿಯಮ್ಮ' ಎಂದು ಕೈ ಮುಗಿಯುವುದು ಸುಲಭ. ಹೊಳೆಯಾದರೂ ಒಂದು ಗಳಿಗೆ ಯೋಚನೆ ಮಾಡೀತು. ಅತ್ತೆ ಯೋಚನೆ ಮಾಡುವುದಿಲ್ಲ, ಕನ್ನಡಕ ಕೇಳುತ್ತಾಳೆ. ಆ ಕನ್ನಡಕ ದೇವರ ಜಗಲಿಯ ಮೇಲಿದೆಯೋ ಬೇಳೆ ಡಬ್ಬಿಯ ಹಿಂದಿದೆಯೋ ಎಂದು ಹುಡುಕಿ ತರುವಷ್ಟರಲ್ಲಿ ಸಹಿ ಕೇಳಲು ಬಂದವರು ಅರ್ಧ ಸೋತಿರುತ್ತಾರೆ. ಉಳಿದರ್ಧ ಅವಳು ಓದಲು ಶುರು ಮಾಡಿದ ಮೇಲೆ.

ಇದು ಉತ್ಪ್ರೇಕ್ಷೆ ಎನ್ನುವಿರಾ? ಹಾಗಾದರೆ ಬೈಲಹೊಂಗಲದಲ್ಲಿ ಪಾರ್ಸಲ್ ಹಂಚುವ ಆ ಪುಣ್ಯಾತ್ಮನನ್ನು ಕೇಳಿ. ಹೊಸ ಕುಕ್ಕರ್ ತಂದು, ಮೊಬೈಲು ಮುಂದೆ ಹಿಡಿದು, "ಇಲ್ಲೊಂದು ಸಹಿ ಮಾಡ್ರಿ ಅವ್ವಾರ" ಎಂದ.

"ಏನಂತ ಬರದೈತಿ? ಓದಿ ಹೇಳ್ರಿ."

"ಸಾಮಾನ ಸುಸ್ಥಿತಿಯಲ್ಲಿ ತಲುಪಿದೆ ಅಂತ ಐತ್ರಿ."

"ಸುಸ್ಥಿತಿಯೊಳಗ ಐತೋ ಇಲ್ಲೋ ಡಬ್ಬಿ ಹೊರಗಿಂದ ನನಗ ಹೆಂಗ ತಿಳೀಬೇಕು? ಕೂಡ್ರಿ, ನೋಡೂನು."

ಆತ ಕೂತ. ಅತ್ತೆ ಡಬ್ಬಿ ಬಿಚ್ಚಿದಳು, ಕುಕ್ಕರ್ ತೊಳೆದಳು, ಅಕ್ಕಿ ಹಾಕಿ ಒಲೆಗೆ ಇಟ್ಟಳು, ಮೂರು ಸೀಟಿ ಎಣಿಸಿದಳು. ಆತನಿಗೆ ಸಹಿ ಸಿಕ್ಕಿದ್ದು ಅದೇ ಕುಕ್ಕರಿನ ಅನ್ನಕ್ಕೆ ಸಾರು ಕಲಸಿ ಉಂಡು, ಕೈ ತೊಳೆದ ಮೇಲೆ. ಈಗಲೂ ಆತ ನನಗೆ ಸಿಕ್ಕಾಗ, "ನಿಮ್ಮ ಅತ್ತ್ಯಾರು ಮತ್ತೇನರ ತರಸ್ಯಾರೇನ್ರಿ?" ಎಂದು ಕೇಳುತ್ತಾನೆ. ಕೇಳುವುದು ಹೆದರಿಯೋ ಆಸೆಯಿಂದಲೋ ನನಗಿನ್ನೂ ಗೊತ್ತಾಗಿಲ್ಲ.

ನಾನು ಐದನೇ ಇಯತ್ತೆಯಿಂದ ಅತ್ತೆಯ ಮನೆಯಲ್ಲೇ ಇದ್ದು ಓದಿದವನು. ಅವಳು ನಮ್ಮಪ್ಪನ ಅಕ್ಕ. ನಮ್ಮೂರು ಸಂಗೊಳ್ಳಿ ಕಡೆ. ಅಲ್ಲಿಗಿಂತ ಬೈಲಹೊಂಗಲದ ಸಾಲೆ ಚಲೋ ಎಂದು ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದ. ಹೀಗಾಗಿ ನನ್ನ ಪ್ರಗತಿ ಪತ್ರದ 'ಪಾಲಕರ ಸಹಿ' ಎಂಬ ಜಾಗ ಅತ್ತೆಯ ಪಾಲಿಗೆ ಬಂದಿತ್ತು. ಒಮ್ಮೆ ಹಿಂದಿಯಲ್ಲಿ ನಾನು ಗೋತಾ ಹೊಡೆದಿದ್ದೆ. ಅದರ ಬಗ್ಗೆ ಬೈಗುಳ ತಿನ್ನಲು ತಯಾರಾಗಿಯೇ ಪತ್ರ ಕೊಟ್ಟೆ. ಅವಳು ಹಿಂದಿಯ ಕಡೆ ನೋಡಲೇ ಇಲ್ಲ. ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"'ವರ್ತನೆ: ಉತ್ತಮ' ಅಂತ ಬರದಾರ. ಇದು ಸುಳ್ಳ ಐತಿ. ನಾ ಹೆಂಗ ಸಹಿ ಮಾಡ್ಲಿ?"

ಮರುದಿನ ಸಾಲೆಗೆ ಬಂದು, ಮಾಸ್ತರರ ಮುಂದೆ ನಾನು ಮನೆಯಲ್ಲಿ ಮಾಡಿದ ಉದ್ಯೋಗಗಳನ್ನೆಲ್ಲ ಒಂದೊಂದಾಗಿ ಹೇಳಿ, 'ಉತ್ತಮ'ವನ್ನು ಹೊಡೆಸಿ 'ಸಾಧಾರಣ' ಎಂದು ಬರೆಸಿ, ಆಮೇಲೆ ಸಮಾಧಾನದಿಂದ ಸಹಿ ಮಾಡಿದಳು. ಮಕ್ಕಳ ಅಂಕ ಹೆಚ್ಚಿಸಿಕೊಡಿ ಎಂದು ಬರುವ ಪಾಲಕರನ್ನು ಮಾಸ್ತರರು ಕಂಡಿದ್ದರು. ಇಳಿಸಿಕೊಡಿ ಎಂದು ಬಂದದ್ದು ಇವಳೊಬ್ಬಳೇ!

ಇಂಥವಳನ್ನು ನಾವು ಒಂದು ಕಂಪನಿಯ ಡೈರೆಕ್ಟರ್ ಮಾಡಿದೆವು. ನಾವು ಎಂದರೆ ಬೇರೆ ಯಾರೂ ಅಲ್ಲ, ನಾನೇ.

ಕಂಪನಿ ಎಂದರೆ ಗಾಜಿನ ಕಟ್ಟಡ, ಲಿಫ್ಟು ಎಂದುಕೊಳ್ಳಬೇಡಿ. ನಮ್ಮದು ರೈತರ ಕಂಪನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ರೈತರೇ ಶೇರು ಹಾಕಿ ಕಟ್ಟಿದ್ದು. ಬೀಜ ಒಟ್ಟಿಗೆ ತರುವುದು, ಕಡಲೆ ಒಟ್ಟಿಗೆ ಮಾರುವುದು, ರಾಶಿ ಯಂತ್ರ ಬಾಡಿಗೆಗೆ ಕೊಡುವುದು ಅದರ ಕೆಲಸ. ಬೈಲಹೊಂಗಲದಲ್ಲಿ ಗೋದಾಮಿಗೆ ಹತ್ತಿದ ಒಂದು ಕೋಣೆ, ಅದರ ಮುಂದೆ ಬೇವಿನ ಗಿಡ, ಗಿಡಕ್ಕೊಂದು ಕಟ್ಟೆ. ಇಷ್ಟೇ ಆದರೂ ಕಾಯ್ದೆಯ ಕಣ್ಣಿಗೆ ಅದು ಮುಂಬಯಿಯ ಕಂಪನಿಯಂತೆಯೇ ಕಂಪನಿ. ಅದಕ್ಕೂ ಏಳು ಮಂದಿಯ ಆಡಳಿತ ಮಂಡಳಿ ಇದೆ. ನಾನು ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಹೆಸರು ಉದ್ದ ಇದೆ ಎಂದು ಗಾಬರಿಯಾಗಬೇಡಿ, ಬೆಳಿಗ್ಗೆ ಬೀಗ ತೆಗೆದು ಕಸ ಹೊಡೆಯುವವನೂ ನಾನೇ. ಕೃಷಿ ಡಿಪ್ಲೊಮಾ ಮುಗಿಸಿ ಆರು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ ಸಿಕ್ಕ ಕೆಲಸ ಇದು. ನನಗೆ ಬೇರೆ ಕೆಲಸ ಬರುವುದಿಲ್ಲ, ನಿಜ ಹೇಳಬೇಕೆಂದರೆ ಬೇರೆ ಕೆಲಸ ಬೇಕಾಗಿಯೂ ಇಲ್ಲ. ಆದರೆ ಒಂದು ಮಾತಿದೆ: ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಕೈ ಎತ್ತಿದರೆ ಮಾತ್ರ ನಾನು ಮುಂದಿನ ವರ್ಷ ಕಸ ಹೊಡೆಯಬಹುದು.

ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು ಎಂದು ಮೇಲಿನಿಂದ ಕಾಗದ ಬಂತು. ನಮ್ಮ ಅಧ್ಯಕ್ಷರು ಸವದತ್ತಿ ಕಡೆಯವರು, ಹೊಲ ಮನೆ ಬೇಕಾದಷ್ಟಿದ್ದವರು, ಗಡಿಬಿಡಿಯ ಮನುಷ್ಯ. "ಯಾರರ ಒಬ್ಬಾಕಿ ಹೆಣ್ಮಗಳ ಹೆಸರ ಹಾಕೋ ಮಾರಾಯಾ. ಸಹಿ ಮಾಡಿದ್ರ ಸಾಕು" ಎಂದರು. ಅತ್ತೆಯ ಹೆಸರಿನಲ್ಲಿ ಮೂರು ಎಕರೆ ಹೊಲವಿತ್ತು, ಕಂಪನಿಯ ಶೇರೂ ಇತ್ತು. ಮನೆಯವಳೇ ಆದರೆ ಸಹಿಗಾಗಿ ಓಡಾಡುವುದು ತಪ್ಪುತ್ತದೆ ಎಂದು ಅವಳ ಹೆಸರು ಬರೆದೆ. ಓಡಾಡುವುದು ತಪ್ಪುತ್ತದಂತೆ! ಎಂಥಾ ಬುದ್ಧಿವಂತ ನಾನು!

ಮೊದಲ ಸಭೆಗೆ ನಮ್ಮ ಮಾಮಾ, ಅಂದರೆ ಅತ್ತೆಯ ಗಂಡ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಅವಳಿಗಿಂತ ಮೊದಲೇ ಬಂದು ಅವಳ ಕುರ್ಚಿಯಲ್ಲಿ ಕೂತ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಹೆಂಡತಿ ಪಂಚಾಯ್ತಿಯಲ್ಲಿ ಆರಿಸಿ ಬಂದರೆ ಸಭೆಯಲ್ಲಿ ಕೂಡುವವನು ಗಂಡ, ಹಾರ ಹಾಕಿಸಿಕೊಳ್ಳುವವನೂ ಗಂಡ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ನಿಮ್ಮ ನಂಬರ್ ಎಷ್ಟ ಐತಿ ಹೇಳ್ರಿ?"

"ಯಾವ ನಂಬರ?"

"ಡೈರೆಕ್ಟರ್ ನಂಬರ. ಸರಕಾರ ಕೊಟ್ಟಿದ್ದು." ಎಂದವಳೇ ತನ್ನ ಎಂಟಂಕಿಯ ನಂಬರನ್ನು ಮಗ್ಗಿ ಹೇಳಿದ ಹಾಗೆ ಹೇಳಿದಳು. "ನಿಮಗ ಕೊಟ್ಟಿಲ್ಲಲ್ಲ? ಹಂಗಾರ ಏಳ್ರಿ. ಹೊರಗ ಮಿರ್ಚಿ ಕರಿಯಾಕ ಹತ್ಯಾರ, ತಿಂದು ಬರ್ರಿ."

ಮಾಮಾ ದೊಡ್ಡ ಮನಸ್ಸಿನವನು, ಎರಡು ಪ್ಲೇಟು ತಿಂದ. ಈಗ ಲಗ್ನದ ಮನೆಗಳಲ್ಲಿ ಯಾರಾದರೂ "ತಾವು?" ಎಂದರೆ ಎದೆ ಎತ್ತಿ "ನಾ ಡೈರೆಕ್ಟರ್ ಅವರ ಮಾಲಕರು" ಎಂದು ಪರಿಚಯ ಮಾಡಿಕೊಳ್ಳುತ್ತಾನೆ. ಅದೂ ಅತ್ತೆ ಆಸುಪಾಸಿನಲ್ಲಿ ಇಲ್ಲದಾಗ.

ಮಂಡಳಿಯಲ್ಲಿ ಹೊರಗಿನ ತಜ್ಞರೊಬ್ಬರು ಇದ್ದರು. ಧಾರವಾಡದವರು, ನಿವೃತ್ತ ಅಧಿಕಾರಿ. ಸ್ವತಂತ್ರವಾಗಿ ಯೋಚಿಸಿ ಸಲಹೆ ಕೊಡಲೆಂದು ಅವರನ್ನು ತಂದದ್ದು. ಅವರು ನಿಜವಾಗಿ ಸ್ವತಂತ್ರರೇ. ಸಭೆಯಲ್ಲಿ ಯಾವಾಗ ಬೇಕಾದರೂ ನಿದ್ದೆ ಮಾಡುತ್ತಿದ್ದರು. ಹೊಸ ಡೈರೆಕ್ಟರುಗಳಿಗೆ ಅವರೇ ತರಬೇತಿ ಕೊಟ್ಟರು. ಮಾತಿನ ಭರದಲ್ಲಿ, "ನಿರ್ದೇಶಕರಾದವರು ಸಂಕೋಚ ಇಲ್ಲದೆ ಪ್ರಶ್ನೆ ಕೇಳಬೇಕು" ಎಂದುಬಿಟ್ಟರು. ಅಂಥ ಮಾತನ್ನು ಅತ್ತೆಯ ಮುಂದೆ ಆಡಬಾರದು ಎಂದು ನಾನು ಮೊದಲೇ ಹೇಳಬೇಕಿತ್ತು. ಸಂಜೆ ಐದರ ಧಾರವಾಡ ಬಸ್ಸು ಹೋಯಿತು, ಆರರದೂ ಹೋಯಿತು. ಏಳರ ಬಸ್ಸಿಗೆ ಅವರು ಓಡುತ್ತಾ ಹತ್ತಿದಾಗ ಅತ್ತೆ ಕಿಟಕಿಯ ಕೆಳಗೆ ನಿಂತು, "ಸರ, ಕಡೀದೊಂದು ಉಳೀತರಿ" ಎನ್ನುತ್ತಿದ್ದಳು.

ಇನ್ನು ನನ್ನ ಪಾಪದ ಕಥೆಗೆ ಬರುತ್ತೇನೆ. ಕಾಯ್ದೆಯ ಪ್ರಕಾರ ಮಂಡಳಿ ವರ್ಷಕ್ಕೆ ನಾಲ್ಕು ಸಲವಾದರೂ ಸೇರಬೇಕು. ಒಬ್ಬರಿಗೆ ಬಿತ್ತನೆ, ಒಬ್ಬರಿಗೆ ಬೀಗರ ಮನೆ ಕಾರ್ಯ. ನಾಲ್ಕು ತಾಲೂಕಿನವರು ಒಂದೇ ದಿನ ಸೇರುವುದೆಂದರೆ ಹುಡುಗಾಟವೇ? ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮನೆಯಲ್ಲೇ ಕೂತು, 'ಎಲ್ಲ ನಿರ್ದೇಶಕರು ಹಾಜರಿದ್ದು, ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ಠರಾಯಿಸಲಾಯಿತು' ಎಂದು ಮುದ್ದಾದ ಅಕ್ಷರದಲ್ಲಿ ನಡಾವಳಿ ಬರೆಯುವುದು. ಆಮೇಲೆ ಆ ರಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಗಾಡಿ ಹತ್ತುವುದು. ಕಿತ್ತೂರಿನ ಡೈರೆಕ್ಟರು ಚಹಾದ ಅಂಗಡಿಯಲ್ಲಿ ಸಹಿ ಹಾಕುತ್ತಿದ್ದರು, ರಾಮದುರ್ಗದ ಕಾಕಾ ಬಸ್ ಸ್ಟ್ಯಾಂಡಿನಲ್ಲಿ. ತೊರಗಲ್ಲಿನವರಂತೂ ಕೋಟೆಯ ಕೆಳಗಿನ ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಲೇ ಎಡಗೈಯಲ್ಲಿ ಗೀಚಿ ಕೊಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಸಂಘ ಸೊಸೈಟಿಗಳು ನಡೆದದ್ದು ಹೀಗೆಯೇ. ಸಭೆಗೆ ಮಂದಿ ಬರುವುದಿಲ್ಲ, ಮಂದಿಯ ಮನೆಗೆ ಸಭೆ ಹೋಗುತ್ತದೆ. ನಾವು ಯಾರಿಗೂ ಮೋಸ ಮಾಡಿರಲಿಲ್ಲ. ಸಭೆ ಸೇರಿರಲಿಲ್ಲ, ಅಷ್ಟೇ!

ಹೀಗೆ ಆರು ಸಹಿ ಮುಗಿಸಿ ಏಳನೆಯದಕ್ಕೆ ಅತ್ತೆಯ ಮನೆಗೆ ಹೋದೆ. ಕನ್ನಡಕ ಬಂತು.

"'ಎಲ್ಲ ನಿರ್ದೇಶಕರು ಹಾಜರಿದ್ದು' ಅಂತ ಬರದಿ. ಆವತ್ತ ನಾ ಎಲ್ಲಿದ್ದೆ?"

"ಅತ್ತೀ, ಅದು ಹಂಗ ಬರೀಬೇಕು. ಪದ್ಧತಿ ಐತಿ."

"ನಾ ಮಾಳಗಿ ಮ್ಯಾಲ ಶ್ಯಾವಿಗಿ ಹೊಸಿಯಾಕ ಹತ್ತಿದ್ದೆ. ನೀ ಬಂದು ಒಂದು ಹಿಡಿ ಹಸೀದ ತಿಂದು ಹೋದಿ. ಮರತೀಯೇನು?"

"ಬರೇ ಒಂದು ಸಹಿ ಅತ್ತೀ..."

"ಸಹಿ ಬೇಕಲ್ಲ? ತಾ ಇಲ್ಲಿ."

ಪೆನ್ನು ತೆಗೆದುಕೊಂಡು ನನ್ನ ಮುದ್ದಾದ ಅಕ್ಷರಗಳ ಕೆಳಗೆ ತನ್ನ ದಪ್ಪ ಅಕ್ಷರದಲ್ಲಿ ಬರೆದಳು: 'ಈ ಸಭೆ ಆಗಿಲ್ಲ. ಆ ದಿವಸ ನಾನು ಮನೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದೆ.' ಅದರ ಕೆಳಗೆ, ಜೀವನದಲ್ಲಿ ಮೊದಲ ಸಲ, ಎರಡನೇ ಮಾತಿಲ್ಲದೆ ಸಹಿ ಮಾಡಿದಳು!

ಲೆಕ್ಕ ತಪಾಸಣೆಗೆ ಬಂದವರು ಆ ಪುಟದ ಮುಂದೆ ಬಹಳ ಹೊತ್ತು ಕೂತಿದ್ದು, ಕೊನೆಗೆ "ಈ ಶ್ಯಾವಿಗೆ ನಿಮ್ಮ ಕಂಪನಿಯ ಉತ್ಪನ್ನವೇ?" ಎಂದು ಕೇಳಿದರು. ಪುಟ ಹರಿಯುವ ಹಾಗಿಲ್ಲ, ಪುಟಗಳಿಗೆ ನಂಬರು ಹಾಕಿದವನು ನಾನೇ.

ಅಂದಿನಿಂದ ಖರೇ ಸಭೆಗಳು ಶುರುವಾದವು. ಬರಲಾಗದವರು ವೀಡಿಯೊದಲ್ಲಿ ಸೇರಬಹುದು ಎಂದು ನಾನೊಂದು ದಾರಿ ಹುಡುಕಿದೆ. ಕಿತ್ತೂರಿನವರು ಸೇರಿದರು, ಮುಖ ಮಾತ್ರ ಮೇಲೆ ಕೆಳಗೆ ಕುಣಿಯುತ್ತಿತ್ತು. "ಅಣ್ಣಾರ, ನೀವು ಎಲ್ಲಿ ಅದೀರಿ?" ಎಂದಳು ಅತ್ತೆ. "ಸಭಾದಾಗ ಅದೇನ್ರೀ ಅಕ್ಕಾರ." "ಸಭಾದಾಗ ಟ್ರ್ಯಾಕ್ಟರ್ ಸಪ್ಪಳ ಯಾಕ ಬರಾಕ ಹತ್ತೈತಿ? ಮೊದಲ ರಂಟಿ ಹೊಡದು ಮುಗಸ್ರಿ, ಇಲ್ಲಾ ಮೊದಲ ಠರಾವ ಮುಗಸ್ರಿ. ಎರಡೂ ಸೊಟ್ಟ ಆಗೂದು ಬ್ಯಾಡ." ಅವರು ಟ್ರ್ಯಾಕ್ಟರ್ ನಿಲ್ಲಿಸಿ ಬದುವಿನ ಮೇಲೆ ಕೂತರು. ಒಳಗೊಳಗೇ ನನಗೂ ಸ್ವಲ್ಪ ಹೆಮ್ಮೆ ಅನಿಸಿತು, ಅದನ್ನು ತೋರಿಸಿಕೊಳ್ಳಲಿಲ್ಲ. ಅತ್ತೆ ಈಗ ಪತ್ರಿಕೆಯಲ್ಲಿ ವಾಣಿಜ್ಯದ ಪುಟವನ್ನೂ ಓದುತ್ತಿದ್ದಳು. ಎಲ್ಲೋ ಒಂದು ದೊಡ್ಡ ಕಂಪನಿ ಮುಳುಗಿ, ಅದರ ಡೈರೆಕ್ಟರುಗಳೆಲ್ಲ 'ನಮಗೇನೂ ಗೊತ್ತಿರಲಿಲ್ಲ' ಎಂದ ಸುದ್ದಿ ಬಂದಾಗ, "ಗೊತ್ತಿಲ್ಲಂದ್ರ ಸಹಿ ಯಾಕ ಹಾಕಿದ್ರು? ಕೈ ತುರಸ್ತಿತ್ತೇನು?" ಎಂದು ನನ್ನನ್ನು ಕೇಳಿದಳು. ಆ ಕಂಪನಿಯ ಪರವಾಗಿ ನಾನು ತಲೆ ತಗ್ಗಿಸಿದೆ.

ಮುಂಗಾರಿಗೆ ಸೋಯಾ ಬೀಜ ತರುವ ವಿಷಯ ಬಂತು. ಅಧ್ಯಕ್ಷರು ತಮ್ಮ ಹೆಂಡತಿಯ ತಮ್ಮನ ಅಂಗಡಿಯಿಂದಲೇ ತರೋಣ ಎಂದರು. "ಮನಿ ಮಂದಿ ಅಂಗಡಿ. ಭರೋಸಾ ಐತಿ." ಎಲ್ಲರೂ ತಲೆ ಅಲ್ಲಾಡಿಸಿದರು. ಅತ್ತೆ ಮಾತ್ರ ಒಂದು ಬೊಗಸೆ ಮಾದರಿ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮುಂದಿನ ಸಭೆಗೆ ಬಂದಾಗ ಅವಳ ಕೈಯಲ್ಲೊಂದು ಹಸಿ ಬಟ್ಟೆಯ ಗಂಟು. ನಮ್ಮ ರೈತರ ಮನೆಗಳಲ್ಲಿ ಬಿತ್ತುವ ಮೊದಲು ಮಾಡುವ ಪರೀಕ್ಷೆಯೇ ಅದು: ಎಣಿಸಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿಟ್ಟು, ಎಷ್ಟು ಮೊಳಕೆ ಬಂದವು ನೋಡುವುದು. ಏಳು ಮಂದಿ ಡೈರೆಕ್ಟರುಗಳ ನಡುವೆ, ಕಾಗದ ಪತ್ರಗಳ ಮೇಲೆಯೇ ಗಂಟು ಬಿಚ್ಚಿದಳು. ವಾಸನೆಗೆ ಧಾರವಾಡದ ತಜ್ಞರಿಗೂ ಎಚ್ಚರವಾಯಿತು. ಅರ್ಧಕ್ಕಿಂತ ಹೆಚ್ಚು ಕಾಳು ಕೊಳೆತು ಲೋಳೆಯಾಗಿದ್ದವು.

"ನಿಮ್ಮ ಭರೋಸಾ ಮೊಳಕಿ ಒಡದಿಲ್ರೀ ಅಧ್ಯಕ್ಷರ" ಎಂದಳು ಅತ್ತೆ.

ಅಲ್ಲಿಗೆ ಬಿಡುವವಳೇ? ಅದೇ ಸಭೆಯಲ್ಲಿ ಒಂದು ಠರಾವು ಬರೆಸಿದಳು: ಯಾವ ವಿಷಯದಲ್ಲಿ ಯಾರ ನೆಂಟರು ಇದ್ದಾರೋ, ಆ ವಿಷಯ ಮುಗಿಯುವ ತನಕ ಅವರು ಎದ್ದು ಹೊರಗೆ ಹೋಗಿ ಕೂಡಬೇಕು. ಕೊಳೆತ ಕಾಳನ್ನು ಮುಂದಿಟ್ಟುಕೊಂಡು ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರು ಬೇವಿನ ಕಟ್ಟೆಯ ಮೇಲೆ ಕೂತರು, ಒಳಗೆ ಬೀಜ ಬೇರೆ ಕಡೆಯಿಂದ ತರುವುದೆಂದು ತೀರ್ಮಾನವಾಯಿತು. ಕಟ್ಟೆಯಿಂದ ಎದ್ದು ಬಂದಾಗ ಅವರು ಅತ್ತೆಯನ್ನು ಬಿಟ್ಟು ನನ್ನನ್ನೇ ನೋಡಿದರು. ಅತ್ತೆಯನ್ನು ಅವರು ಏನೂ ಮಾಡಲಾರರು, ನನ್ನನ್ನು ಮಾಡಬಹುದು.

ಮಾಡಿದರು ಕೂಡ. ಮುಂದಿನ ಸಭೆಯ ನೋಟೀಸನ್ನು ಅವರು ಹೇಳಿದರು, ನಾನು ನನ್ನ ಕೈಯಾರೆ ಬರೆದೆ. 'ಆಗದ ಸಭೆಯನ್ನು ಆಗಿದೆ ಎಂದು ಬರೆದ ಕಾರಣ ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು ಕೆಲಸದಿಂದ ತೆಗೆಯುವುದು. ಆ ಜಾಗಕ್ಕೆ ಹೊಸಬರನ್ನು ನೇಮಿಸುವುದು.' ಹೊಸಬರು ಬೇರೆ ಯಾರೂ ಅಲ್ಲ, ಅಧ್ಯಕ್ಷರ ಅಳಿಯ. ಪುರಾವೆ ಬೇರೇನೂ ಬೇಕಿರಲಿಲ್ಲ, ಅತ್ತೆಯ ಶ್ಯಾವಿಗೆಯ ಸಾಲೇ ಸಾಕಿತ್ತು.

ನೆಟ್ಟಗೆ ಅತ್ತೆಯ ಮನೆಗೆ ಹೋದೆ. "ನೀ ಬರದಿದ್ದು ನನ್ನ ಕೊರಳಿಗೆ ಬಂತು ಅತ್ತೀ!"

"ಬರದಿದ್ದು ಖರೆ ಐತೋ ಇಲ್ಲೋ?"

"ಖರೆ ಐತಿ. ಆದ್ರ ನನ್ನ ನೌಕರಿ ಹೊಕ್ಕೈತಿ. ಮೂರು ಮಂದಿ ಅವರ ಕಡೆ, ನಿನ್ನ ಹಿಡದು ಮೂರು ಮಂದಿ ನನ್ನ ಕಡೆ, ಧಾರವಾಡದವರು ಗಾಳಿ ಬಂದ ಕಡೆ. ನೀ ಒಂದು ಕೈ ಎತ್ತಿದ್ರ ಅವರೂ ಎತ್ತತಾರ, ನಾ ಉಳೀತೇನಿ."

ಅವಳು ರೊಟ್ಟಿ ಬಡಿಯುತ್ತಿದ್ದಳು, ಇನ್ನಷ್ಟು ಜೋರಾಗಿ ಬಡಿದಳು. ಅದನ್ನೇ ಹೂಂ ಎಂದುಕೊಂಡು ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದು ಬಂದೆ.

ಸಭೆಯ ದಿನ ಏಳೂ ಜನ ಬಂದಿದ್ದರು. ಹಾಗೆ ಎಲ್ಲರೂ ತಾವಾಗಿ ಬಂದದ್ದು ಅದೇ ಮೊದಲು. ಒಬ್ಬನನ್ನು ತೆಗೆಯುವುದೆಂದರೆ ಬಿತ್ತನೆಗೂ ಬಿಡುವು ಸಿಗುತ್ತದೆ ನೋಡಿ. ಅಧ್ಯಕ್ಷರು ವಿಷಯ ಓದಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಎದ್ದು ನಿಂತಳು. ಭಾಷಣ ಮಾಡುತ್ತಾಳೆ ಎಂದು ನನಗೆ ಜೀವ ಬಂತು.

"ಇಂವ ನನ್ನ ತಮ್ಮನ ಮಗ. ನನ್ನ ಮನ್ಯಾಗ ಬೆಳದಾಂವ. ನಾವ ಮಾಡಿದ ಠರಾವ ಐತಿ. ನಾ ಹೊರಗ ಕುಂದರತೇನಿ."

ಚೀಲ ಎತ್ತಿಕೊಂಡು ಹೊರಟೇಬಿಟ್ಟಳು! ಬಂದ ಜೀವ ಹಾಗೇ ಹೋಯಿತು. ಅಧ್ಯಕ್ಷರ ಮುಖದಲ್ಲಿ ನಗು ಅರಳಿತು. ಬಾಗಿಲ ಹತ್ತಿರ ಅತ್ತೆ ತಿರುಗಿದಳು.

"ಅಧ್ಯಕ್ಷರ, ಹೊಸದಾಗಿ ಬರಾಂವ ನಿಮ್ಮ ಅಳಿಯ ಅಲ್ರೀ? ಬರ್ರಿ ಮತ್ತ. ಕಟ್ಟೀ ಮ್ಯಾಲ ಗಾಳಿ ಚಲೋ ಐತಿ."

ಅಧ್ಯಕ್ಷರು ಎದ್ದರು. ಇಷ್ಟಕ್ಕೇ ಮುಗಿದಿದ್ದರೆ ಅದು ಬೇರೆ ಊರಿನ ಕಂಪನಿಯಾಗುತ್ತಿತ್ತು. ರಾಮದುರ್ಗದ ಕಾಕಾ ಗಂಟಲು ಸರಿಮಾಡಿಕೊಂಡು, "ಆ ಅಳಿಯನ ಅಣ್ಣಗ ನಮ್ಮ ಮಗಳನ್ನ ಕೊಟ್ಟೇವಲ್ರೀ" ಎಂದು ಎದ್ದರು. ಕಿತ್ತೂರಿನವರು ನನ್ನ ಕಡೆ ಕೈ ಮಾಡಿ, "ಇವರ ಮನೀಯವರು ನಮ್ಮ ಚಿಗವ್ವನ ಮೊಮ್ಮಗಳು" ಎಂದು ಎದ್ದರು. ತೊರಗಲ್ಲಿನವರಿಗೆ ನಿಜವಾದ ತೊಡಕಾಯಿತು. "ನನಗ ಎರಡೂ ಕಡೆ ಬೀಗತನ ಐತ್ರಿ. ಎರಡ ಸಲ ಹೊರಗ ಹೋಗಬೇಕೇನು?" ಒಂದೇ ಸಲ ಹೋದರೆ ಸಾಕೆಂದು ನಾನು ಹೇಳಿದೆ. ನನ್ನ ಕೆಲಸ ಹೋಗುವ ಸಭೆಗೆ ಕಾಯ್ದೆ ಹೇಳುವವನೂ ನಾನೇ, ನೋಡಿ ನನ್ನ ಹಣೆಬರಹ! ಉಳಿದವರು ಮುನವಳ್ಳಿಯವರು. ಅವರು ಬಹಳ ಹೊತ್ತು ಯೋಚಿಸಿ, ಮೊಬೈಲು ತೆಗೆದು ತಾಯಿಗೆ ಹಚ್ಚಿದರು. "ಯವ್ವಾ, ಸಂಗೊಳ್ಳಿ ಕಡೆ ಮಂದಿ ನಮಗ ಏನರ ಆಗಬೇಕೇನು?" ಆ ಮುದುಕಿಯ ದನಿ ಕೋಣೆಯೆಲ್ಲ ತುಂಬಿತು: "ಮೂಳಾ, ನಿಮ್ಮ ಮುತ್ತ್ಯಾನ ತಂಗೀನ ಕೊಟ್ಟಿದ್ದ ಎಲ್ಲಿಗೆ ಅಂತ ತಿಳದಿ?" ಅವರೂ ಎದ್ದರು.

ಧಾರವಾಡದ ತಜ್ಞರು ಕಣ್ಣು ಬಿಟ್ಟು ಆರು ಖಾಲಿ ಕುರ್ಚಿ ನೋಡಿದರು. "ಸಭೆ ಮುಗೀತೇನ್ರಿ?"

"ಇಲ್ಲ ಸರ್. ಈಗ ನೀವೊಬ್ಬರೇ ಮಂಡಳಿ."

ಒಬ್ಬರಿಂದ ಸಭೆ ಆಗುವುದಿಲ್ಲ, ಮೂವರಾದರೂ ಬೇಕು. ದೊಡ್ಡ ಕಂಪನಿಗಳಲ್ಲಿ ನೆಂಟರನ್ನು ಹುಡುಕಿ ಹೊರಗೆ ಹಾಕಲು ವಕೀಲರನ್ನು ಇಡುತ್ತಾರಂತೆ. ಅದನ್ನು ಈ ನಾಲ್ಕು ತಾಲೂಕಿನಲ್ಲಿ ಮಾಡಿ ನೋಡಲಿ! ಇಡೀ ಆಡಳಿತ ಮಂಡಳಿ ಬೇವಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಚಹಾ ಕುಡಿಯುತ್ತಿತ್ತು. "ಇಲ್ಲೇ ಮುಗಸೂನಲ್ಲ" ಎಂದರು ಅಧ್ಯಕ್ಷರು. "ಕಟ್ಟೀ ಮ್ಯಾಲ ಪಂಚಾಯ್ತಿ ನಡೀತೈತಿ, ಕಂಪನಿ ನಡಿಯೂದಿಲ್ಲ" ಎಂದಳು ಅತ್ತೆ. ಆ ಒಂದು ಮಾತಾಡಿದ್ದು ಬಿಟ್ಟರೆ ಅವಳು ಆವತ್ತು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು. ಕೊನೆಗೆ ವಿಷಯ ಎಲ್ಲ ಶೇರುದಾರರ ಮುಂದೆ, ವಾರ್ಷಿಕ ಸಭೆಗೆ ಹೋಯಿತು.

ವಾರ್ಷಿಕ ಸಭೆ ಸವದತ್ತಿಯ ಒಂದು ಕಲ್ಯಾಣ ಮಂಟಪದಲ್ಲಿ ಸೇರಿತ್ತು. ನಾನು ವೇದಿಕೆಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಆಗದ ಸಭೆಗಳ ನಡಾವಳಿ ಬರೆದದ್ದು ನಾನೇ, ಮನೆ ಮನೆಗೆ ರಜಿಸ್ಟರ್ ಒಯ್ದದ್ದೂ ನಾನೇ, ಶ್ಯಾವಿಗೆಯ ಸಾಲು ನಿಜ. ಆಮೇಲೆ ಕಿತ್ತೂರು ಕಡೆಯ ಒಬ್ಬ ಹಿರಿಯರು ಎದ್ದು, "ತಪ್ಪ ಮಾಡಿದಿ. ನಮ್ಮ ಮುಂದ ನಿಂತು ಹೇಳಿದಿ. ಇನ್ನ ಒಂದು ವರ್ಷ ನೋಡತೇವಿ. ಸಭಾ ಆದ ಮ್ಯಾಲ ಬರಿ, ಮೊದಲ ಬರೀಬ್ಯಾಡ" ಎಂದರು. ಒಂದೊಂದಾಗಿ ಕೈಗಳು ಮೇಲೆ ಹೋದವು. ನಾನು ಉಳಿದೆ.

ಆದರೆ ನನ್ನ ಕಣ್ಣು ಆ ಕೈಗಳನ್ನು ಬಿಟ್ಟು ಹಿಂದಿನ ಸಾಲಿಗೆ ಹೋಗಿತ್ತು. ಅತ್ತೆ ವೇದಿಕೆಯ ಕುರ್ಚಿ ಬಿಟ್ಟು ಅಲ್ಲಿ ಹೋಗಿ ಕೂತಿದ್ದಳು. ಅವಳೂ ಶೇರುದಾರಳೇ, ಕೈ ಎತ್ತಬಹುದಿತ್ತು. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮಂದಿ ನನಗಾಗಿ ಕೈ ಎತ್ತಿದರು, ನನಗೆ ಹತ್ತು ವರ್ಷ ಉಣ್ಣಲಿಕ್ಕೆ ಹಾಕಿದ ಕೈ ಏಳಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಕಾಯ್ದೆ ಅಷ್ಟು ದೊಡ್ಡದೇ? ಹದಿನೈದು ದಿನ ಅವಳ ಮನೆಯ ಓಣಿ ತುಳಿಯಲಿಲ್ಲ.

ಹದಿನಾರನೇ ದಿನ ಅವಳದೇ ಫೋನು. "ಶುಕ್ರವಾರ ಮುಂಜಾನೆ ಗಾಡಿ ತೊಗೊಂಡು ಬಾ. ಎಲ್ಲಮ್ಮನ ಗುಡ್ಡಕ್ಕ ಹೋಗೂದೈತಿ." ಸಿಟ್ಟಿದ್ದರೂ ಅತ್ತೆಗೆ ಒಲ್ಲೆ ಎನ್ನುವ ಧೈರ್ಯ ನನಗೆಲ್ಲಿಯದು? ಹೋದೆ. ಹೋಳಿಗೆ, ಕಡಬು, ರೊಟ್ಟಿ, ಬದನೆಕಾಯಿ ಪಲ್ಯ, ಬುಟ್ಟಿಗಟ್ಟಲೆ ಅಡಿಗೆ ಮಾಡಿಟ್ಟಿದ್ದಳು. ಮೊಣಕಾಲು ನೋವಿನ ಮಾಮಾ ಬರಲಿಲ್ಲ. ಬುಟ್ಟಿಗಳನ್ನು ಗಾಡಿಗೆ ಏರಿಸಿ ಹೊರಟೆವು.

ಗುಡ್ಡದ ಮೇಲೆ ದೇವಿಯ ಸೇವೆಗೆ ನಿಂತ ಜೋಗಮ್ಮ ಐದು ಬಿದಿರಿನ ಪಡಲಗಿ ಸಾಲಾಗಿ ಇಟ್ಟಳು. ಹರಕೆ ತೀರಿಸುವವರು ಅಡಿಗೆಯನ್ನು ಅವುಗಳಲ್ಲಿ ತುಂಬಿ ದೇವಿಗೆ ಎಡೆ ಮಾಡಬೇಕು. ಅತ್ತೆ ಹೋಳಿಗೆ ಇಡತೊಡಗಿದಳು.

"ಯಾರ ಹರಕಿ ಯವ್ವಾ? ಬಾಯಿ ಬಿಟ್ಟು ಹೇಳ, ದೇವಿ ಕೇಳಲಿ" ಎಂದಳು ಜೋಗಮ್ಮ.

ಅತ್ತೆ ನನ್ನ ಕಡೆ ವಾರೆಗಣ್ಣಿನಿಂದ ನೋಡಿ, ಸಣ್ಣ ದನಿ ಮಾಡಿದಳು. "ಇಂವಂದು. ನನ್ನ ತಮ್ಮನ ಮಗಂದು. ಇವನ ನೌಕರಿ ಉಳಿದ್ರ ಐದು ಪಡಲಗಿ ತುಂಬತೇನಿ ಅಂತ ಬೇಡಕೊಂಡಿದ್ದೆ."

"ಯಾವಾಗ ಬೇಡಕೊಂಡಿ?" ಎಂದೆ ನಾನು.

"ಆವತ್ತ. ಹೊರಗ ಕಟ್ಟೀ ಮ್ಯಾಲ ಕುಂತಾಗ."

ನನಗೆ ನಗು ತಡೆಯಲಾಗಲಿಲ್ಲ. "ಭಲೇ ಡೈರೆಕ್ಟರ್ ಬಾಯಾರ! ಒಳಗ ಕೈ ಎತ್ತಲಿಲ್ಲ, ಹೊರಗ ಕುಂತು ದೇವಿಗೆ ಲಂಚಾ ಕೊಟ್ರೇನು!"

ಅವಳು ನಗಲಿಲ್ಲ. ಕಡಬು ಹಿಡಿದ ಕೈ ಹಾಗೇ ನಿಂತಿತು.

"ನಗಬ್ಯಾಡೋ ತಮ್ಮಾ. ಬ್ಯಾರೆ ಮಂದಿ ವಿಷಯದಾಗ ಖರೆ ಯಾವುದು, ಖೊಟ್ಟಿ ಯಾವುದು ನನಗ ತಿಳೀತೈತಿ. ನಿನ್ನ ವಿಷಯದಾಗ ತಿಳಿಯೂದಿಲ್ಲ. ನೀ ನಾಳೆ ಕಳವು ಮಾಡಿ ಬಂದು ನಿಂತ್ರೂ ನಾ ನಿನಗ ಕೈ ಎತ್ತತೇನಿ. ಅಂಥಾಕಿ ಒಳಗ ಕುಂದರಬಾರದು. ಅದಕ್ಕ ಎದ್ದು ಬಂದೆ."

ಹದಿನೈದು ದಿನ ನಾನು ಕಟ್ಟಿಟ್ಟುಕೊಂಡ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ದಿನ ಅವಳು ನನಗಿಂತ ಕಾಯ್ದೆಯನ್ನು ದೊಡ್ಡದು ಮಾಡಿದಳು ಎಂದುಕೊಂಡಿದ್ದೆನಲ್ಲ, ಎಂಥ ದಡ್ಡ ನಾನು! ಉಳಿದ ಕಡಬುಗಳನ್ನು ಅವಳ ಕೈಯಿಂದ ತೆಗೆದುಕೊಂಡು ಐದನೇ ಪಡಲಗಿಗೆ ನಾನೇ ಇಟ್ಟೆ.

ಜೋಗಮ್ಮ ಅರಿಶಿನದ ಭಂಡಾರ ಎರಚಿ, "ಕೂಗ್ರಿ ಇಬ್ಬರೂ, ಉಧೋ ಉಧೋ" ಎಂದಳು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಅತ್ತೆ ಒಮ್ಮೆ ನನ್ನ ಮುಖ ನೋಡಿದಳು. ನೋಡಿ, ತನ್ನದನ್ನು ಕೂಗಿ ಮುಗಿಸಿ, ನನ್ನ ಪಾಲಿನದನ್ನೂ ಅವಳೇ ಕೂಗಿದಳು.